ಕಲ್ಲಣಬೆಯ ನಕ್ಷೆ: ಖಾಲಿ ಚೌಕವನ್ನೂ ಬರೆದುಕೊಳ್ಳಿ

ಗಲ್ಫಿನಲ್ಲಿ ದುಡಿದು ಬಂದವರು ನಮ್ಮ ಕಲ್ಲಲಂಬು (ಮಳೆ ಬಿದ್ದ ಮೇಲೆ ಮಣ್ಣಿನಲ್ಲಿ ಉಂಡೆಯಾಗಿ ಸಿಗುವ ಕಲ್ಲಣಬೆ) ನೋಡಿ ‘ಕುವೈತ್‌ನ ಫಗ್ಗಾ ಇದೇ ಅಲ್ವಾ’ ಅನ್ನುವುದುಂಟು. ಅಲ್ಲ. ಫಗ್ಗಾ ಎಂದರೆ ಟರ್ಫೀಜಿಯ, ಟಿರ್ಮಾನಿಯ ಜಾತಿಯ ಮರುಭೂಮಿ ಟ್ರಫಲ್, ನೆಲದೊಳಗೆ ಬೆಳೆಯುವ ಅಣಬೆ. ಹೆಲಿಯಾಂತಿಮಮ್ ಗಿಡದ ಬೇರಿನ ಜತೆ ಬೆಳೆಯುತ್ತದೆ. ನಮ್ಮದು ಆಸ್ಟ್ರೇಯಸ್, ಅದರ ನಂಟು ಕಿರಾಲಬೋಗಿಯಂಥ ಹೋಪಿಯ ಜಾತಿಯ ಮರಗಳ ಜತೆ. ಆದರೆ ಎಲ್ಲಿ ಎಷ್ಟು ಬೆಳೆಯುತ್ತದೆ ಎಂದು ಲೆಕ್ಕ ಹಾಕುವ ಸರ್ವೆಯ ಕ್ರಮ ಎರಡಕ್ಕೂ ಒಂದೇ: ಮೊದಲು ಮರ, ಮಣ್ಣು, ಮಳೆ, ಅಣಬೆ ಆಮೇಲೆ.

ಜನ ಆರಿಸುವ ಜಾಗಗಳನ್ನಷ್ಟೇ ಗುರುತಿಸಿದರೆ ಸಿಗುವುದು ಕಾಲುದಾರಿಯ ನಕ್ಷೆ. ಮುರಕಲ್ಲಿನ ಗುಡ್ಡೆಯಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕಗಳನ್ನು ಚೀಟಿ ಎತ್ತಿ ಆರಿಸಿ, ಹಗ್ಗ ಕಟ್ಟಿ, ಏನೂ ಸಿಗದ ಚೌಕಕ್ಕೂ ಸೊನ್ನೆ ಬರೆಯಿರಿ. 20 ಚೌಕಗಳಲ್ಲಿ ನಾಲ್ಕರಲ್ಲಿ ಮಾತ್ರ ತಲಾ 150 ಗ್ರಾಂ ಸಿಕ್ಕಿತು ಅನ್ನಿ. 600 ಗ್ರಾಂ ಅನ್ನು 2000 ಚದರ ಮೀಟರಿಗೆ ಹಂಚಿದರೆ ಹೆಕ್ಟೇರಿಗೆ 3 ಕಿಲೋ. ಖಾಲಿ ಚೌಕ ಬಿಟ್ಟು ಲೆಕ್ಕ ಹಾಕಿದರೆ ಅದೇ 15 ಕಿಲೋ! ಇಂಥ ಅಂಕಿ ಒಮ್ಮೆ ವರದಿ ಸೇರಿದರೆ ಹೊರಗೆ ತೆಗೆಯುವುದು ಕಷ್ಟ.

ಮರದಡಿ ಫೋನಿನ ಜಿಪಿಎಸ್ 10 ಮೀಟರ್ ಆಚೀಚೆ ತೋರಿಸುವುದು ಮಾಮೂಲು, ಅಂದರೆ ಒಂದು ಇಡೀ ಚೌಕ ತಪ್ಪಬಹುದು. ಮೂಲೆಯ ಮರಕ್ಕೆ ಬಣ್ಣದ ಗುರುತು ಇರಲಿ.

ತೂಕದಲ್ಲಿ ಮೋಸ ಮಾಡುವುದು ಮಣ್ಣು. ಸಿಪ್ಪೆಗೆ ಮೆತ್ತಿದ ಕೆಂಪು ಜಲ್ಲಿ ಹೋಗುವಂತೆ ತೊಳೆದು, ಬಟ್ಟೆಯಲ್ಲಿ ಒರೆಸಿ ತೂಗಿ. ಸೇರಿನ ಲೆಕ್ಕವನ್ನು ಕಿಲೋಗೆ ತಿರುಗಿಸುವ ಸಾಹಸ ಬೇಡ. ಪ್ರತಿ ಚೌಕದಿಂದ ಕೆಲವನ್ನು ಸೀಳಿ ನೋಡಿ: ಒಳಗೆ ಬೆಳ್ಳಗಿದ್ದರೆ ಎಳೆಯದು, ಕಪ್ಪಾಗಿದ್ದರೆ ಬಲಿತದ್ದು, ತಿನ್ನುವುದು ಎಳೆಯದನ್ನೇ, ಹಾಗಾಗಿ ಎರಡು ಕಾಲಂ ಬೇಕು. ಹೀಗೇ ಉಂಡೆಯಾಗಿ ಕಾಣುವ ಸ್ಕ್ಲೆರೊಡರ್ಮಾ ಎಂಬ ಅಣಬೆ ವಿಷದ್ದು, ಅದೂ ಎಳೆಯದಾಗಿರುವಾಗ ಒಳಗೆ ಬಿಳಿಯೇ. ಬಣ್ಣವೊಂದನ್ನೇ ನಂಬದೆ, ಅನುಮಾನ ಬಂದದ್ದನ್ನು ಬೇರೆ ಕವರಿಗೆ ಹಾಕಿ.

ಒಂದೇ ಭೇಟಿ ಸಾಲದು. ಮೊದಲ ಮಳೆ ಬಿದ್ದಂದಿನಿಂದ ದಿನದ ಮಳೆ ಬರೆದಿಟ್ಟು, ಅದೇ ಚೌಕಗಳಿಗೆ ನಾಲ್ಕೈದು ದಿನಕ್ಕೊಮ್ಮೆ ಹೋಗಿ. ಕುಮ್ಕಿ ಜಾಗದಲ್ಲಿ (ಪಟ್ಟಾ ಜಮೀನಿಗೆ ತಾಗಿದ, ಮನೆಯವರು ಸೊಪ್ಪು ಸೌದೆಗೆ ಬಳಸುವ ಸರಕಾರಿ ಜಾಗ) ನಿಮಗಿಂತ ಮೊದಲು ಮನೆಯವರು ಆರಿಸಿರುತ್ತಾರೆ. ಕೆದಕಿದ ಮಣ್ಣು ಕಂಡರೆ ಸೊನ್ನೆಯ ಬದಲು ‘ಆರಿಸಲಾಗಿದೆ’ ಎಂದು ಬರೆಯಿರಿ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸುತ್ತು. ಆಗ ತಪ್ಪಿಸಿಕೊಂಡವುಗಳ ಸಿಪ್ಪೆ ನಕ್ಷತ್ರದ ಹಾಗೆ ಬಿರಿದು ನೆಲದಲ್ಲಿ ಬಿದ್ದಿರುತ್ತದೆ. ಅದನ್ನು ತೂಕಕ್ಕೆ ಸೇರಿಸಬೇಡಿ. ಅಣಬೆ ಇತ್ತು ಎಂಬ ಗುರುತಿಗೆ ಮಾತ್ರ.