ನವೋದಯ ಪರೀಕ್ಷೆ ತಯಾರಿ: ತಪ್ಪು ಉತ್ತರಗಳನ್ನು ಓದುವುದು ಹೇಗೆ

ಐದನೇ ಕ್ಲಾಸಿನ ಮಗು ನವೋದಯ ಶಾಲೆಯ ಪ್ರವೇಶ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ಬಿಡಿಸಿದೆ, ಮಾನಸಿಕ ಸಾಮರ್ಥ್ಯ ವಿಭಾಗದ 40 ಪ್ರಶ್ನೆಗಳಲ್ಲಿ 22 ಸರಿ ಅಂತಿಟ್ಟುಕೊಳ್ಳಿ. ಖಜೂರಿಯದೋ ನಾರಾಯಣಪುರದದೋ ನವೋದಯ ಶಾಲೆಯ ಸೀಟಿನ ಆಸೆ ಇರುವ ಮನೆಗಳಲ್ಲಿ ಮರುದಿನವೇ ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಇನ್ನೊಂದು ಗೈಡ್ ಬರುತ್ತದೆ. ಅದಕ್ಕೆ ಅವಸರ ಬೇಡ. ಮೊದಲು ಆ 18 ತಪ್ಪುಗಳಲ್ಲಿ ಮಗು ಯಾವ ಆಯ್ಕೆಗೆ ಗುರುತು ಹಾಕಿದೆ ನೋಡಿ. ಪ್ರಶ್ನೆ ತೆಗೆಯುವವರು ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬುವುದಿಲ್ಲ. ಮಕ್ಕಳು ಎಲ್ಲಿ ಜಾರುತ್ತಾರೋ ಅಲ್ಲೇ ಇಟ್ಟಿರುತ್ತಾರೆ.

ಈ ವಿಭಾಗ ಪೂರ್ತಿ ಚಿತ್ರಗಳದ್ದು: 10 ಭಾಗ, ಒಂದೊಂದರಲ್ಲಿ 4 ಪ್ರಶ್ನೆ. ಒಂದೇ ಭಾಗದ ನಾಲ್ಕೂ ತಪ್ಪಾಗಿದ್ದರೆ ಮಗುವಿಗೆ ಸೂಚನೆಯೇ ತಿಳಿದಿಲ್ಲ. ಭಾಗಕ್ಕೊಂದರಂತೆ ಚದುರಿದ್ದರೆ ಅವಸರ. ಕೊನೆಯ ಎರಡು ಭಾಗಗಳಲ್ಲೇ ತಪ್ಪು ಗುಂಪಾಗಿದ್ದರೆ ಸಮಯ ಸಾಲಲಿಲ್ಲ, ಬುದ್ಧಿಯನ್ನು ಬೈಯಬೇಡಿ.

ಕಾಗದ ಮಡಚಿ ತೂತು ಮಾಡುವ ಪ್ರಶ್ನೆಯನ್ನೇ ತಗೊಳ್ಳಿ. ಎರಡು ಸಲ ಮಡಚಿ ಒಂದು ತೂತು ಹಾಕಿದರೆ ಬಿಚ್ಚಿದಾಗ ನಾಲ್ಕು. ಮಗು ಎರಡು ತೂತಿನ ಚಿತ್ರ ಆರಿಸಿದ್ದರೆ ಕೊನೆಯ ಮಡಿಕೆಯನ್ನಷ್ಟೇ ಬಿಚ್ಚಿ ನಿಲ್ಲಿಸಿದೆ ಅಂತ ಅರ್ಥ. ನಾಲ್ಕನ್ನೇ ಆರಿಸಿ ಜಾಗ ತಪ್ಪಿದ್ದರೆ ಎಲ್ಲ ತೂತುಗಳನ್ನೂ ಒಂದೇ ಕಡೆ ಸರಿಸಿದೆ, ಮಡಿಕೆಯ ಗೆರೆಯಾಚೆ ತಿರುಗಿಸಿಲ್ಲ. ಬಾಯಲ್ಲಿ ಹೇಳಿದರೆ ಇದು ತಿಳಿಯದು. ಹಳೇ ನೋಟ್‌ಬುಕ್ಕಿನ ಹಾಳೆ, ಪೆನ್ಸಿಲ್ ಮೊನೆ ಸಾಕು: ಮಡಚಿಸಿ, ಚುಚ್ಚಿಸಿ, ಕೊನೆಗೆ ಮಡಚಿದ್ದನ್ನು ಮೊದಲು ಬಿಚ್ಚಿಸಿ, ಒಂದೊಂದು ಸಲ ಬಿಚ್ಚಿದಾಗಲೂ ತೂತು ಎಣಿಸಲು ಹೇಳಿ. ಆಮೇಲೆ ಸರಿಯಾಗಿ ಮಡಿಕೆಯ ಗೆರೆ ಮೇಲೇ ಚುಚ್ಚಿಸಿ. ಅಲ್ಲಿ ಎಣಿಕೆ ಅರ್ಧವಾಗುತ್ತದೆ, ಎರಡೇ ತೂತು ಬರುತ್ತವೆ.

ಭಿನ್ನ ಚಿತ್ರ ಹುಡುಕುವಲ್ಲಿ ಮೂರು ಒಂದೇ ಚಿತ್ರವನ್ನು ತಿರುಗಿಸಿದವು, ನಾಲ್ಕನೆಯದು ಅದರ ಕನ್ನಡಿ ರೂಪ ಆಗಿರಬಹುದು. ಮಗುವಿಗೆ ನಾಲ್ಕೂ ಒಂದೇ ಥರ ಕಾಣುತ್ತವೆ, ಕಣ್ಣಿಗೆ ಬಿದ್ದದ್ದಕ್ಕೆ ಗುರುತು ಹಾಕಿಬಿಡುತ್ತದೆ. ತೆಳು ಹಾಳೆ ಮೇಲೆ ನಕಲು ತೆಗೆಸಿ ತಿರುಗಿಸಿ ನೋಡಲಿ. ಮಗುಚದ ಹೊರತು ಕೂಡದೇ ಇರುವುದೇ ಉತ್ತರ.

ಎಂಟನೇ ಕ್ಲಾಸಿನ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಗೆ ಕೂರುವ ದೊಡ್ಡ ಮಕ್ಕಳಲ್ಲಿ ಕನ್ನಡಿಯ ಗಡಿಯಾರ ಕಾಡುತ್ತದೆ. 3:15ರ ಪ್ರತಿಬಿಂಬ 8:45. ಮಗು 9:45 ಅಂದಿದ್ದರೆ 12ರಲ್ಲಿ 3, 60ರಲ್ಲಿ 15 ಅಂತ ಬೇರೆಬೇರೆ ಕಳೆದಿದೆ. 12:00 ಅಂದರೆ 11:60 ತಾನೇ, ಅದರಿಂದ ಕಳೆಯಲು ಹೇಳಿಕೊಡಿ.

ಅಂಕಗಣಿತಕ್ಕೂ ಇದೇ ಕಣ್ಣು ಬೇಕು. ತೊಗರಿ ಬೇಳೆ ಕಿಲೋಗೆ 120 ರೂಪಾಯಿಗೆ ಕೊಂಡು 150ಕ್ಕೆ ಮಾರಿದರೆ ಲಾಭ ಶೇ. 25. ಶೇ. 20ಕ್ಕೆ ಗುರುತು ಬಿದ್ದಿದ್ದರೆ ಕೊಂಡ ಬೆಲೆ ಬಿಟ್ಟು ಮಾರಿದ ಬೆಲೆಯಿಂದ ಭಾಗಿಸಿದೆ. ಶೇ. 30 ಅಂದಿದ್ದರೆ ಭಾಗಿಸಿಯೇ ಇಲ್ಲ, 30 ರೂಪಾಯಿಯನ್ನೇ ಶೇಕಡಾ ಅಂತ ಓದಿದೆ. ಎರಡಕ್ಕೂ ಮದ್ದು ಬೇರೆ. ಇನ್ನು ತಾಂಡಾದ ಮಕ್ಕಳು, ಮನೆಯಲ್ಲಿ ಉರ್ದು, ಮರಾಠಿ ಆಡುವ ಮಕ್ಕಳು ಕನ್ನಡದಲ್ಲಿ ಪರೀಕ್ಷೆ ಬರೆಯುವಾಗ ಲೆಕ್ಕ ಗೊತ್ತಿದ್ದೂ ವಾಕ್ಯದಲ್ಲಿ ಎಡವುತ್ತಾರೆ. ಬಿಡಿಸುವ ಮೊದಲು ಲೆಕ್ಕವನ್ನು ಮನೆಮಾತಿನಲ್ಲಿ ಹೇಳಿಸಿ, ಎಲ್ಲಿ ತಡವರಿಸಿತು ಅಂತ ಅಲ್ಲೇ ತಿಳಿಯುತ್ತದೆ.

ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯ ತಪ್ಪು ಇನ್ನೊಂದು ಜಾತಿ. 14ನೇ ಪ್ರಶ್ನೆ ಬಿಟ್ಟು ಮುಂದೆ ಹೋದ ಮಗು 15ರ ಉತ್ತರವನ್ನು 14ರ ಸಾಲಿನಲ್ಲಿ ತುಂಬಿದರೆ ಮುಂದಿನವೆಲ್ಲ ಒಂದೊಂದು ಸಾಲು ಮೇಲೆ ಸರಿಯುತ್ತವೆ. ತಪ್ಪುಗಳು ಒಂದು ಅಂಕಿಯಿಂದ ಸಾಲಾಗಿ ಶುರುವಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಮನೆಯ ಅಭ್ಯಾಸದಲ್ಲೂ ಬಾಲ್‌ಪೆನ್ನಿನಿಂದಲೇ ತುಂಬಿಸಿ, ಪ್ರತಿ ನಾಲ್ಕು ಪ್ರಶ್ನೆಗೊಮ್ಮೆ ಸಾಲಿನ ಸಂಖ್ಯೆ ತಾಳೆ ನೋಡಲಿ. ನವೋದಯ ಪರೀಕ್ಷೆಯಲ್ಲಿ ಋಣಾತ್ಮಕ ಅಂಕ ಇಲ್ಲ, ಒಂದೊಂದು ಪ್ರಶ್ನೆಗೂ 1.25 ಅಂಕ, ಹಾಗಾಗಿ ಕೊನೆಯ ಐದು ನಿಮಿಷ ಹೊಸ ಪ್ರಶ್ನೆಗೆ ಕೈ ಹಾಕದೆ, ಖಾಲಿ ಉಳಿದ ಸಾಲುಗಳನ್ನು ತುಂಬಲಿ.