ಅಂಜನಾದ್ರಿಗೆ ಜಾತ್ರೆ, ಮೋರೇರ ಗುಡ್ಡಕ್ಕೆ ಯಾರೂ ಇಲ್ಲ: ಗಂಗಾವತಿ ಕಡೆ ಗುಡ್ಡ ಹತ್ತುವವರಿಗೆ

ಗಂಗಾವತಿ ಕಡೆ ಗುಡ್ಡ ಹತ್ತಲು ಬಂದವರಲ್ಲಿ ಹೆಚ್ಚಿನವರು ಅಂಜನಾದ್ರಿಯೊಂದನ್ನೇ ನೋಡಿಕೊಂಡು ಹಂಪಿ ಕಡೆ ಹೊರಟುಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ ಎರಡು ದಿನ ಇಟ್ಟುಕೊಂಡು ಬನ್ನಿ. ಹಿರೇಬೆಣಕಲ್ಲಿನ ಮೋರೇರ ಗುಡ್ಡವನ್ನೂ ಸಾಣಾಪುರದ ಬಂಡೆಗಳನ್ನೂ ಸೇರಿಸಿಕೊಳ್ಳಿ. ಜನ ಒಂದು ಗುಡ್ಡಕ್ಕೆ ಮುಗಿಬಿದ್ದು ಪಕ್ಕದ್ದನ್ನು ಯಾಕೆ ಬಿಡುತ್ತಾರೆ ಅನ್ನುವುದು ಈ ಮೂರನ್ನೂ ಹತ್ತಿದಾಗ ಚೆನ್ನಾಗಿ ತಿಳಿಯುತ್ತದೆ.

ಅಂಜನಾದ್ರಿ ಸುಲಭದ ಏರೇನಲ್ಲ. 575 ಮೆಟ್ಟಿಲು, ಒಂದೆರಡು ಕಡೆ ಬಂಡೆಯಡಿ ತಲೆ ಬಗ್ಗಿಸಿ ದಾಟಬೇಕು, ಬಿಸಿಲೇರಿದ ಮೇಲೆ ಕಲ್ಲು ಕಾದು ಅಂಗಾಲು ಸುಡುತ್ತದೆ. ಆದರೂ ಎಪ್ಪತ್ತು ದಾಟಿದ ಅಜ್ಜಿಯರು, ಕೂಸು ಎತ್ತಿಕೊಂಡ ತಾಯಂದಿರು ಹತ್ತುತ್ತಲೇ ಇರುತ್ತಾರೆ. ಭಕ್ತಿ ದೊಡ್ಡ ಕಾರಣ, ಹನುಮ ಹುಟ್ಟಿದ ಬೆಟ್ಟ ಎಂಬ ನಂಬಿಕೆ ಇದೆ. ಅದರ ಜೊತೆಗೆ ನನಗೆ ಕಾಣುವ ಇನ್ನೊಂದು ಕಾರಣ, ಇಲ್ಲಿನ ಕಷ್ಟಕ್ಕೆ ಲೆಕ್ಕವಿದೆ. "ಇನ್ನ ಎಷ್ಟ ಅದಾವ್ರಿ ಪಾವಟಿಗಿ?" ಅಂದರೆ ಇಳಿದು ಬರುವವರು "ಮುಗದ್ವು ಬಿಡ್ರಿ ಯವ್ವಾ, ಇನ್ನೊಂದ ನೂರು" ಅನ್ನುತ್ತಾರೆ. ಕೊನೆ ಎಲ್ಲಿದೆ ಎಂದು ಗೊತ್ತಿರುವ ದಣಿವಿಗೆ ಜನ ಹೆದರುವುದಿಲ್ಲ. ದಾರಿ ತಪ್ಪುವ ಮಾತೇ ಇಲ್ಲ, ಕೂತರೆ ಪಕ್ಕದಲ್ಲಿ ಇನ್ನೊಬ್ಬರು ಕೂತಿರುತ್ತಾರೆ.

ಬೆಳಿಗ್ಗೆ ಆರಕ್ಕೆಲ್ಲ ಹತ್ತಲು ಶುರು ಮಾಡಿ. ಶನಿವಾರ, ರಜಾದಿನ, ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆಯ ಹೊತ್ತು ಬಿಟ್ಟರೆ ಒಳ್ಳೆಯದು. ಮಾಲೆ ಹಾಕಿದವರ ಸಾಲನ್ನೇ ನೋಡಬೇಕೆಂದಿದ್ದರೆ ಮಾತ್ರ ಆಗ ಬನ್ನಿ. ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಕೈಯಲ್ಲಿ ಕಂಡರೆ ಮಂಗಗಳು ಬಿಡುವುದಿಲ್ಲ. ಮೇಲಿನಿಂದ ತುಂಗಭದ್ರೆ, ಭತ್ತದ ಗದ್ದೆ, ಗುಂಡುಗಳ ರಾಶಿ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ.

ಮೋರೇರ ಗುಡ್ಡದ ಲೆಕ್ಕವೇ ಬೇರೆ. ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ ಊರಿನಿಂದ ನಡೆಯಬೇಕು. ಏರು ಅಂಥ ಕಡಿದೇನಲ್ಲ, ಉಸಿರು ಹಿಡಿಯುವ ಮಟ್ಟಿಗೆ ಅಂಜನಾದ್ರಿಯೇ ಜಾಸ್ತಿ. ಇಲ್ಲಿ ಕಷ್ಟ ಕೊಡುವುದು ದಾರಿ. ಕುರುಚಲು ಗಿಡ, ಮುಳ್ಳುಕಂಟಿ ದಾಟಿದ ಮೇಲೆ ಹಾಸುಬಂಡೆ ಬರುತ್ತದೆ, ಬಂಡೆಯ ಮೇಲೆ ಕಾಲ್ದಾರಿ ಕಾಣುವುದಿಲ್ಲ. ಕುರಿ ಹೋದ ದಾರಿ ಯಾವುದು, ಮನುಷ್ಯರು ಹೋದದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ನೀರಿಲ್ಲ, ಅಂಗಡಿಯಿಲ್ಲ. ಚಿರತೆ, ಕರಡಿ ಓಡಾಡುವ ಗುಡ್ಡಸಾಲು ಬೇರೆ. ಆದ್ದರಿಂದಲೇ ಜನ ಕಡಿಮೆ.

ಮೇಲೆ ಇರುವುದು ಏನು ಗೊತ್ತೇ? ಕ್ರಿ.ಪೂ. 800ರಿಂದ 200ರ ನಡುವಿನವು ಎನ್ನಲಾಗುವ ಸುಮಾರು 400 ಶಿಲಾಸಮಾಧಿಗಳು. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದು ಬದಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಇವು ಮೋರೇರು ಎಂಬ ಗಿಡ್ಡ ಜನರ ಮನೆಗಳು ಎಂದು ಊರಿನವರು ಹೇಳುತ್ತಾರೆ. ಬಂಡೆಯ ಮರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಬಡಿದರೆ ದೂರಕ್ಕೆ ಕೇಳುವ ನಗಾರಿ ಗುಂಡೂ ಇದೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದ ಈ ಜಾಗದಲ್ಲಿ ಸಮಾಧಿಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ, ದಯವಿಟ್ಟು.

ಅರ್ಧ ದಿನ ಇಡಿ. ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಹಿಡಿತ ಇರುವ ಬೂಟು, ಉದ್ದ ಪ್ಯಾಂಟು ಬೇಕು. ಊರಲ್ಲಿ ದಾರಿ ಬಲ್ಲವರನ್ನು ಕರೆದುಕೊಂಡೇ ಹೋಗಿ, ಅವರ ಅರ್ಧ ದಿನದ ದುಡಿಮೆಗೆ ಕಡಿಮೆಯಾಗದಂತೆ ಕೂಲಿ ಕೊಡಿ.

ಸಾಣಾಪುರ, ಆನೆಗೊಂದಿ ಸುತ್ತಿನ ಬಂಡೆಗಳಿಗೆ ಬರುವವರು ಇನ್ನೊಂದು ಬಗೆಯ ಜನ. ಬೌಲ್ಡರಿಂಗ್ ಮಾಡುವ ಇವರಿಗೆ ಕಷ್ಟವೇ ಬೇಕು. ಹಗ್ಗವಿಲ್ಲದೆ, ಬಿದ್ದರೆ ಪೆಟ್ಟಾಗದಂತೆ ಕೆಳಗೆ ದಪ್ಪ ಮೆತ್ತೆ (ಕ್ರ್ಯಾಶ್ ಪ್ಯಾಡ್) ಹಾಸಿ, ಕೈಗೆ ಚಾಕ್ ಪುಡಿ ಬಳಿದು ಹತ್ತುತ್ತಾರೆ. ಒಂದೊಂದು ಬಂಡೆಗೂ ವಿ-0, ವಿ-5 ಎಂದು ಕಠಿಣತೆಯ ಗ್ರೇಡ್ ಇರುತ್ತದೆ, ಅಂಕಿ ಏರಿದಷ್ಟೂ ಕಷ್ಟ ಜಾಸ್ತಿ. ಮೆಟ್ಟಿಲಿನ ಹಾಗೆ ಇಲ್ಲೂ ಕಷ್ಟವನ್ನು ಅಳೆದಿಟ್ಟಿರುವುದರಿಂದಲೇ ಹೊಸಬರಿಗೂ ಧೈರ್ಯ ಬರುತ್ತದೆ. ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ. ಬಿಸಿಲಿಗೆ ಗ್ರಾನೈಟ್ ಕಾದರೆ ಕೈ ಬೆವರಿ ಹಿಡಿತ ಜಾರುತ್ತದೆ. ಗೊತ್ತಿರುವವರ ಜೊತೆ ವಿ-0ದಿಂದ ಶುರು ಮಾಡಿ.

ಜನ ಒಂದು ಬೆಟ್ಟಕ್ಕೆ ಮುಗಿಬಿದ್ದು ಇನ್ನೊಂದನ್ನು ಬಿಡುವುದು ಆಫ್ರಿಕಾದಲ್ಲೂ ಇದೇ ಕಥೆ. 5,895 ಮೀಟರಿನ ಕಿಲಿಮಂಜಾರೊ ತುದಿಗೆ ನಡೆದೇ ಹೋಗಬಹುದು, ಹಾಗಾಗಿ ಅಲ್ಲಿ ಸದಾ ಜನ. ಅದಕ್ಕಿಂತ ಗಿಡ್ಡದಾದ ಮೌಂಟ್ ಕೀನ್ಯಾದ ತುದಿ ಬಟಿಯಾನ್‌ಗೆ ಹಗ್ಗ ಹಿಡಿದು ಬಂಡೆ ಏರಬೇಕು. ಬಹುತೇಕರು ಅದೇ ಬೆಟ್ಟದ 4,985 ಮೀಟರಿನ ಲೆನಾನಾ ತುದಿ ನೋಡಿ ಇಳಿಯುತ್ತಾರೆ.

ಜನ ಬರಲಿ ಎಂದು ಮೋರೇರ ಗುಡ್ಡಕ್ಕೂ ಮೆಟ್ಟಿಲು ಕಟ್ಟಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎರಡೂವರೆ ಸಾವಿರ ವರ್ಷ ನಿಂತ ಚಪ್ಪಡಿಗಳು ಅಂಜನಾದ್ರಿಯ ದಟ್ಟಣೆ ತಾಳಲಾರವು. ಊರಿನ ಹುಡುಗರಿಗೆ ಗೈಡ್ ತರಬೇತಿ ಕೊಟ್ಟರೆ ಸಾಕು.

ಮೊದಲ ದಿನ ಬೆಳಿಗ್ಗೆ ಅಂಜನಾದ್ರಿ, ಸಂಜೆ ಸಾಣಾಪುರ. ರಾತ್ರಿ ಗಂಗಾವತಿಯಲ್ಲಿ ಉಳಿದು, ಮರುದಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬೇಗ ಹಿರೇಬೆಣಕಲ್ಲಿಗೆ ಹೊರಡಿ. ಅಲ್ಲಿ ದಾರಿ ತೋರಿಸುವವರು ಸಿಗದಿದ್ದರೆ ಆ ದಿನ ಹತ್ತಬೇಡಿ. ಕೊಪ್ಪಳಕ್ಕೆ ಹೋಗಿ ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನಗಳನ್ನು ನೋಡಿ.