ರೋಡ್ ಬೈಕಿಗೆ ಹೊಸ ವೀಲ್‌ಸೆಟ್: ತೂಕದ ಚೀಟಿಯನ್ನು ಕೊನೆಗೆ ನೋಡಿ

ವೀಲ್‌ಸೆಟ್, ಅಂದರೆ ಚಕ್ರಗಳ ಜೋಡಿ, ಬದಲಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳೋದು "ಎಷ್ಟು ಗ್ರಾಂ?" ಅದನ್ನೇ ಮೊದಲು ಮುಗಿಸಿಬಿಡೋಣ. ಬೈಕಿನ ಜೊತೆಗೇ ಬರುವ ಅಗ್ಗದ ಅಲಾಯ್ ಸೆಟ್ ಸಾಮಾನ್ಯವಾಗಿ 2 ಕೆ.ಜಿ. ಆಸುಪಾಸು ತೂಗುತ್ತದೆ, ಒಳ್ಳೆಯ ಅಲಾಯ್ ಸೆಟ್ 1.5 ಕೆ.ಜಿ. ಉಳಿದದ್ದು 500 ಗ್ರಾಂ. ಸವಾರ, ಬೈಕು, ನೀರು ಎಲ್ಲ ಸೇರಿ 80 ಕೆ.ಜಿ. ಅಂತಿಟ್ಟುಕೊಂಡರೆ ಇದು ಶೇ. 0.6. ನಂದಿ ಬೆಟ್ಟವನ್ನು 30 ನಿಮಿಷದಲ್ಲಿ ಹತ್ತುವವರಿಗೆ ಸಿಗೋದು ಹತ್ತು ಸೆಕೆಂಡು. ಒಂದು ಬಾಟಲಿ ನೀರು ಕಡಿಮೆ ಒಯ್ದರೂ ಅಷ್ಟೇ ಸಿಗುತ್ತದೆ. ತಿರುಗುವ ತೂಕ ಎರಡು ಪಟ್ಟು ಲೆಕ್ಕ ಅನ್ನೋದು ವೇಗ ಹೆಚ್ಚಿಸುವ ಗಳಿಗೆಗೆ ಮಾತ್ರ ನಿಜ. ಒಂದೇ ವೇಗದಲ್ಲಿ ಏರು ಹತ್ತುವಾಗ ರಿಮ್ಮಿನ ಗ್ರಾಮೂ ಜೇಬಿನ ಮೊಬೈಲಿನ ಗ್ರಾಮೂ ಒಂದೇ.

ಹಾಗೆಯೇ, ಸವೆದ ಗಟ್ಟಿ ವೈರ್-ಬೀಡ್ (ಅಂಚಿನಲ್ಲಿ ತಂತಿಯಿರುವ) ಟೈರ್ ಹಾಗೇ ಇಟ್ಟುಕೊಂಡು ವೀಲ್‌ಸೆಟ್ ಕೊಳ್ಳೋದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. ಕೊಟ್ಟ ದುಡ್ಡಿಗೆ ವೇಗ ಬೇಕೆಂದರೆ ಮೊದಲು ಒಳ್ಳೆಯ ಟೈರ್ ಹಾಕಿಸಿ.

ಇನ್ನು ಚಕ್ರಕ್ಕೆ ಬರೋಣ. ಬೈಕಿಗೆ ಕೂರದ ಚಕ್ರ ಎಷ್ಟು ಚೆನ್ನಾಗಿದ್ದರೇನು? ರಿಮ್ ಬ್ರೇಕ್ ಬೈಕಾದರೆ ಬಹುತೇಕ ಕ್ವಿಕ್ ರಿಲೀಸ್ (ಸನ್ನೆ ಎಳೆದು ಬಿಚ್ಚುವ ಅಚ್ಚು), ಹಬ್ಬಿನ (ಚಕ್ರದ ನಡುಗುಂಬದ) ಅಗಲ ಮುಂದೆ 100 ಮಿ.ಮೀ., ಹಿಂದೆ 130. ಈಗಿನ ಡಿಸ್ಕ್ ಬೈಕಿಗೆ ಥ್ರೂ ಆಕ್ಸಲ್ (ತೂರಿಸಿ ತಿರುಪುವ ದಪ್ಪ ಅಚ್ಚು), ಅಚ್ಚಿನ ದಪ್ಪ ಮತ್ತು ಹಬ್ಬಿನ ಅಗಲದ ಲೆಕ್ಕದಲ್ಲಿ ಮುಂದೆ 12×100, ಹಿಂದೆ 12×142. ಹಳೆಯ ಕೆಲವು ಡಿಸ್ಕ್ ಬೈಕುಗಳಲ್ಲಿ ಹಿಂದೆ 135 ಮಿ.ಮೀ. ಕ್ವಿಕ್ ರಿಲೀಸ್ ಇರುತ್ತದೆ, ಅಳತೆ ಮಾಡದೆ ಆರ್ಡರ್ ಹಾಕಬೇಡಿ. ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ನಡುವೆ ಒಂದೇ ರಿಂಗಿನಿಂದ ಬಿಗಿಯುವ ಸೆಂಟರ್ ಲಾಕೋ ಆರು ಬೋಲ್ಟಿನದೋ ಅದನ್ನೂ ನೋಡಿ.

ಹೆಚ್ಚು ಜನ ಎಡವೋದು ಫ್ರೀಹಬ್ಬಿನಲ್ಲಿ, ಅಂದರೆ ಹಿಂದಿನ ಚಕ್ರದಲ್ಲಿ ಕ್ಯಾಸೆಟ್ (ಸ್ಪ್ರಾಕೆಟ್ ಎಂಬ ಹಲ್ಲುಚಕ್ರಗಳ ಗೊಂಚಲು) ಕೂರುವ ಬಾಡಿಯಲ್ಲಿ. ಶಿಮಾನೋದ 11-ಸ್ಪೀಡ್ ರೋಡ್ ಬಾಡಿ ಹಳೆಯ 8/9/10-ಸ್ಪೀಡ್ ಬಾಡಿಗಿಂತ 1.85 ಮಿ.ಮೀ. ಉದ್ದ. ಶಿಮಾನೋದ ಕ್ಲಾರಿಸ್, ಸೋರಾ, ಟಿಯಾಗ್ರ ಗೇರ್ ಸೆಟ್ ಇರುವ ಬೈಕಿಗೆ ಹೊಸ ವೀಲ್‌ಸೆಟ್ ಹಾಕುವಾಗ ಕ್ಯಾಸೆಟ್ಟಿನ ಹಿಂದೆ 1.85 ಮಿ.ಮೀ. ಸ್ಪೇಸರ್ ಬೇಕು. ಕೆಲವು 10-ಸ್ಪೀಡ್ ಕ್ಯಾಸೆಟ್ಟಿಗೆ ಅದರ ಜೊತೆ ಇನ್ನೊಂದು 1 ಮಿ.ಮೀ. ಸ್ಪೇಸರ್ ಕೂಡ. ಇದನ್ನು ಮರೆತರೆ ಲಾಕ್‌ರಿಂಗ್ ಪೂರ್ತಿ ಬಿಗಿಯಾದರೂ ಸ್ಪ್ರಾಕೆಟ್‌ಗಳು ಕೈಯಲ್ಲೇ ಅಲ್ಲಾಡುತ್ತವೆ. ಶಿಮಾನೋ 12-ಸ್ಪೀಡ್ ರೋಡ್ ಕ್ಯಾಸೆಟ್ 11-ಸ್ಪೀಡ್ ಬಾಡಿಗೆ ನೇರ ಕೂರುತ್ತದೆ. 10 ಹಲ್ಲಿನ ಸ್ಪ್ರಾಕೆಟ್ ಇರುವ ಸ್ರ್ಯಾಮ್ ಕಂಪನಿಯ 12-ಸ್ಪೀಡಿಗೆ ಎಕ್ಸ್‌ಡಿಆರ್ ಎಂಬ ಬೇರೆ ಬಾಡಿಯೇ ಬೇಕು. ಹಬ್ಬಿನ ಮೇಲೇ ತಿರುಪಿ ಕೂರಿಸುವ 7-ಸ್ಪೀಡ್ ಫ್ರೀವೀಲ್ ಇದ್ದರೆ ಅದು ಹೊಸ ಹಬ್ಬಿಗೆ ಬರೋದೇ ಇಲ್ಲ. ಕ್ಯಾಸೆಟ್ಟಿನ ಖರ್ಚನ್ನೂ ಸೇರಿಸಿಕೊಳ್ಳಿ.

ರಿಮ್ಮಿನ ಒಳ ಅಗಲ ಈಗ 19ರಿಂದ 23 ಮಿ.ಮೀ. 28 ಮಿ.ಮೀ. ಅಗಲದ ಟೈರ್ ಓಡಿಸುವವರಿಗೆ 21 ಸಾಕು. ಅಗಲದ ರಿಮ್ಮಿನಲ್ಲಿ ಟೈರ್ ಉಬ್ಬುತ್ತದೆ. ಮೈಮೇಲೆ 28 ಅಂತ ಬರೆದಿದ್ದರೂ 29–30 ಅಳತೆ ಬರಬಹುದು. ಗಾಳಿ ತುಂಬಿದ ಮೇಲೆ ಟೈರ್ ಮತ್ತು ಫ್ರೇಮಿನ ನಡುವೆ, ಎಲ್ಲ ಕಡೆಯೂ, 4 ಮಿ.ಮೀ. ಅಲೆನ್ ಕೀ ಸಲೀಸಾಗಿ ತೂರಬೇಕು. ಹಳೆಯ ರಿಮ್ ಬ್ರೇಕ್ ಕ್ಯಾಲಿಪರ್ ಎಷ್ಟೋ ಸಲ 25ರ ಟೈರಿಗೇ ಸುಸ್ತಾಗಿಬಿಡುತ್ತದೆ.

ಟೈರಿನ ಅಂಚನ್ನು ಹಿಡಿಯುವ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ ಬೇಕೇ? ಅದರ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಹುಕ್‌ಲೆಸ್‌ಗೆ ಹೊಂದುತ್ತದೆ ಎಂದು ಕಂಪನಿಯೇ ಹೇಳಿದ ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು. 90 ಕೆ.ಜಿ. ಸವಾರ 25ರ ಟೈರ್ ಹಾಕಿದರೆ ಅಷ್ಟು ಗಾಳಿ ಸಾಲದು, ಗುಂಡಿಗೆ ಬಿದ್ದಾಗ ರಿಮ್ಮೇ ಪೆಟ್ಟು ತಿನ್ನುತ್ತದೆ. 2024ರ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂ ಸವಾರ ಥಾಮಸ್ ಡಿ ಗೆಂಟ್ ಬಿದ್ದು, ಟೈರ್ ರಿಮ್ಮಿನಿಂದ ಕಳಚಿ ನಿಂತ ಮೇಲೆ ಹುಕ್‌ಲೆಸ್ ಸುರಕ್ಷಿತವೇ ಎಂಬ ಜಗಳ ಇನ್ನೂ ಜೋರಾಯಿತು. ನಮ್ಮ ರಸ್ತೆಗೆ ಹುಕ್ ಇರುವ ರಿಮ್ಮೇ ಇರಲಿ.

ಚಕ್ರದ ಆಯುಷ್ಯ ಇರೋದು ಕಡ್ಡಿಗಳಲ್ಲಿ, ಅಂದರೆ ಸ್ಪೋಕುಗಳಲ್ಲಿ. ಹಿಂದಿನ ಚಕ್ರದಲ್ಲಿ ಕ್ಯಾಸೆಟ್ಟಿಗೆ ಜಾಗ ಬಿಡಲು ಬಲಗಡೆಯ ಫ್ಲೇಂಜ್ (ಸ್ಪೋಕ್ ಸಿಕ್ಕಿಸುವ ಹಬ್ಬಿನ ಅಂಚು) ಒಳಕ್ಕೆ ಸರಿದಿರುತ್ತದೆ. ಹಾಗಾಗಿ ಬಲಗಡೆಯ ಸ್ಪೋಕುಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ. ರಿಮ್ ನಡುವೆ ನಿಲ್ಲಬೇಕೆಂದರೆ ಅವುಗಳ ಬಿಗಿ 120 ಕೆ.ಜಿ.ಬಲದ ಹತ್ತಿರ ಇರಬೇಕು, ಎಡಗಡೆಯದು ಅದರ ಅರ್ಧದಷ್ಟೇ ಇರುತ್ತದೆ. ಒಟ್ಟಾರೆ ಬಿಗಿಯೇ ಕಡಿಮೆಯಿದ್ದರೆ ಚಕ್ರ ಸುತ್ತಿದಾಗೆಲ್ಲ ಎಡಗಡೆಯ ಸ್ಪೋಕ್ ಸಡಿಲವಾಗಿ ಮತ್ತೆ ಬಿಗಿಯುತ್ತದೆ. ಬಾಗಿದ ಕುತ್ತಿಗೆಯಲ್ಲಿ ಲೋಹ ದಣಿದು ಒಂದು ದಿನ ಪಟ್ಟೆಂದು ಹೋಗುತ್ತದೆ. ಭಾರಕ್ಕೆ ಮುರಿಯಿತು ಅಂತ ಜನ ಹೇಳುತ್ತಾರೆ, ಮುರಿದದ್ದು ಸಡಿಲಕ್ಕೆ. ಕೊಳ್ಳುವ ಮುಂಚೆ ಬೆರಳಿನಿಂದ ಮೀಟಿ ನೋಡಿ. ಒಂದೇ ಬದಿಯ ಸ್ಪೋಕುಗಳೆಲ್ಲ ಹೆಚ್ಚೂಕಡಿಮೆ ಒಂದೇ ಶ್ರುತಿಯಲ್ಲಿ ನುಡಿಯಬೇಕು.

ಸಂಖ್ಯೆಯೂ ಮುಖ್ಯ. ಮುಂದೆ 20, ಹಿಂದೆ 24 ಇರುವ ಚಕ್ರದಲ್ಲಿ ಒಂದು ಹೋದರೆ ರಿಮ್ ಎಷ್ಟು ಸೊಟ್ಟಗಾಗುತ್ತದೆಂದರೆ ಚಕ್ರ ಫ್ರೇಮಿಗೆ ಉಜ್ಜಬಹುದು. 24/28 ಇದ್ದರೆ ಬ್ರೇಕ್ ಸಡಿಲಿಸಿ ಮನೆವರೆಗೆ ನಿಧಾನ ಬರಬಹುದು. 85 ಕೆ.ಜಿ. ದಾಟಿದವರು ಹಿಂದೆ 28ಕ್ಕಿಂತ ಕಡಿಮೆ ಬೇಡ. ಕುತ್ತಿಗೆ ಬಾಗದ ಸ್ಟ್ರೇಟ್-ಪುಲ್ ಸ್ಪೋಕ್ ನೋಡಲು ಚಂದ, ಆದರೆ ಹಾಸನದಲ್ಲೋ ಚಿತ್ರದುರ್ಗದಲ್ಲೋ ಮುರಿದರೆ ಸಿಗೋದು ಕಷ್ಟ. ಕುತ್ತಿಗೆ ಬಾಗಿದ ಜೆ-ಬೆಂಡ್ ತಗೊಳ್ಳಿ. ಕೊಳ್ಳುವಾಗಲೇ ಮುಂದಿನದಕ್ಕೂ ಹಿಂದಿನ ಎರಡು ಬದಿಗೂ ಎರಡೆರಡು ಹೆಚ್ಚಿನ ಸ್ಪೋಕ್ ಕೇಳಿಟ್ಟುಕೊಳ್ಳಿ, ಮೂರರ ಉದ್ದವೂ ಬೇರೆಬೇರೆ ಇರಬಹುದು. ನಿಪ್ಪಲ್ (ಸ್ಪೋಕ್ ಬಿಗಿಯುವ ನಟ್ಟು) ಹಿತ್ತಾಳೆಯದಿರಲಿ. ಅಲಾಯ್ ನಿಪ್ಪಲ್‌ನಿಂದ ಇಡೀ ಸೆಟ್ಟಿಗೆ ಉಳಿಯೋದು 30 ಗ್ರಾಂ ಆಸುಪಾಸು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಅವು ಬೂಷ್ಟು ಹಿಡಿದಂತೆ ಬಿಳಿಚಿಕೊಂಡು, ಕೀ ಹಾಕಿದರೆ ಪುಡಿಯಾಗುತ್ತವೆ. ಕಾರ್ಬನ್ ರಿಮ್ಮಿನಲ್ಲಿ ಇದು ಇನ್ನೂ ಬೇಗ.

ಹಬ್ಬಿನಲ್ಲಿ ಬಿಡಿ ಗುಂಡುಗಳು ಓಡುವ ಕಪ್-ಕೋನ್ ಬೇರಿಂಗ್ ಆದರೆ ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗ್ರೀಸ್ ಬದಲಿಸಬೇಕು. ಅಸಡ್ಡೆ ಮಾಡಿ ಕಪ್ಪಿನಲ್ಲಿ ಗುಳಿ ಬಿದ್ದರೆ ಹಬ್ಬೇ ಹೋಯಿತು. ಕಾರ್ಟ್ರಿಡ್ಜ್ ಬೇರಿಂಗ್ ಇದ್ದರೆ ನಂಬರ್ ಬರೆದಿಟ್ಟುಕೊಳ್ಳಿ. 6902 ಅಂದರೆ 15×28×7 ಮಿ.ಮೀ., ಮಾಮೂಲಿ ಬೇರಿಂಗ್ ಅಂಗಡಿಯಲ್ಲೂ ಕೇಳಬಹುದು. ಎರಡಕ್ಕೂ ದೊಡ್ಡ ಶತ್ರು ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರು.

ಕಾರ್ಬನ್? ಡಿಸ್ಕ್ ಬೈಕಿಗೆ ಹಾಕಿ, ತಕರಾರಿಲ್ಲ. 35 ಕಿ.ಮೀ. ಮೇಲಿನ ವೇಗದಲ್ಲಿ 40–50 ಮಿ.ಮೀ. ಎತ್ತರದ ರಿಮ್ಮಿನ ಲಾಭ ಗೊತ್ತಾಗುತ್ತದೆ, ಅಡ್ಡಗಾಳಿಗೆ ಹ್ಯಾಂಡಲ್ ಎಳೆಯುವುದೂ ಗೊತ್ತಾಗುತ್ತದೆ. ರಿಮ್ ಬ್ರೇಕಿನಲ್ಲಿ ಮಾತ್ರ ಯೋಚಿಸಿ. ನಂದಿಯಿಂದಲೋ ಚಾರ್ಮಾಡಿಯಿಂದಲೋ ಬ್ರೇಕ್ ಹಿಡಿದುಕೊಂಡೇ ಇಳಿದರೆ ಶಾಖ ಕಾರ್ಬನ್ನಿನಲ್ಲೇ ಕೂತು ರಾಳ ಮೆತ್ತಗಾಗುತ್ತದೆ, ರಿಮ್ ಉಬ್ಬುತ್ತದೆ. ಈ ಶಾಖಕ್ಕೆ ಲೇಟೆಕ್ಸ್ ಟ್ಯೂಬ್ ಬೇಡವೇ ಬೇಡ. ಅಲಾಯ್ ರಿಮ್ಮಿಗೆ ಬಳಸಿದ ಪ್ಯಾಡನ್ನೇ ಮುಂದುವರಿಸಿದರೆ ಅದರಲ್ಲಿ ಹುದುಗಿದ ಲೋಹದ ಚೂರುಗಳು ಹೊಸ ರಿಮ್ಮನ್ನು ಗೀರಿಹಾಕುತ್ತವೆ.

ಹಾಕುವಾಗ ಕ್ಯಾಸೆಟ್ ಲಾಕ್‌ರಿಂಗಿಗೆ 40 ಎನ್‌ಎಂ (ನ್ಯೂಟನ್ ಮೀಟರ್) ಬಿಗಿ, ಸೆಂಟರ್ ಲಾಕ್ ರೋಟರಿಗೂ 40. ಹೊಸ ಚಕ್ರದಲ್ಲಿ ರೋಟರ್ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಕ್ಯಾಲಿಪರ್ ಬೋಲ್ಟ್ ಎರಡನ್ನೂ ಸಡಿಲಿಸಿ, ಬ್ರೇಕ್ ಅದುಮಿ ಹಿಡಿದೇ ಬಿಗಿ ಮಾಡಿ. ಗೇರಿನ ಲಿಮಿಟ್ ಸ್ಕ್ರೂ ನೋಡದೆ ದೊಡ್ಡ ಸ್ಪ್ರಾಕೆಟ್ಟಿಗೆ ಏರಿಸಿದರೆ ಡಿರೇಲರ್ (ಚೈನ್ ಸರಿಸುವ ಭಾಗ) ಕಡ್ಡಿಗೆ ಸಿಕ್ಕಿಬೀಳಬಹುದು. 50 ಮಿ.ಮೀ. ರಿಮ್ಮಿಗೆ 80 ಮಿ.ಮೀ. ವಾಲ್ವ್ ಬೇಕು. ಚೀಲದಲ್ಲಿರುವ ಸ್ಪೇರ್ ಟ್ಯೂಬಿಗೂ ಅಷ್ಟೇ, ಇದನ್ನು ರಸ್ತೆಯಲ್ಲಿ ನಿಂತ ಮೇಲೆ ನೆನಪಿಸಿಕೊಳ್ಳುವವರೇ ಹೆಚ್ಚು.

ಮೊದಲ ಒಂದೆರಡು ಕಿ.ಮೀ. ಟಿಣ್ ಟಿಣ್ ಸದ್ದು ಬಂದರೆ ಹೆದರಬೇಡಿ, ಬಿಗಿಯುವಾಗ ತಿರುಚಿಕೊಂಡ ಸ್ಪೋಕುಗಳು ಬಿಚ್ಚಿಕೊಳ್ಳುತ್ತಿವೆ. 200–300 ಕಿ.ಮೀ. ಆದ ಮೇಲೆ ಸೀಟ್‌ಸ್ಟೇಗೆ (ಸೀಟಿನ ಕೆಳಗಿಂದ ಹಿಂದಿನ ಚಕ್ರಕ್ಕೆ ಇಳಿಯುವ ಕೊಳವೆಗೆ) ಜಿಪ್ ಟೈ ಕಟ್ಟಿ, ತುದಿಯನ್ನು ರಿಮ್ಮಿನ ಹತ್ತಿರಕ್ಕೆ ಕತ್ತರಿಸಿ ಚಕ್ರ ತಿರುಗಿಸಿ. ಅಂತರ ಅರ್ಧ ಮಿ.ಮೀ.ಗಿಂತ ಹೆಚ್ಚು ಏರುಪೇರಾದರೆ ಬೆಂಡ್ ತೆಗೆಯಬೇಕು. ನಿಪ್ಪಲ್ ತಿರುಗಿಸೋದು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ರಿಮ್ ಎಡಕ್ಕೆ ಎಳೆದಿದ್ದರೆ ಅಲ್ಲಿನ ಬಲಗಡೆಯ ಸ್ಪೋಕ್ ಬಿಗಿ ಮಾಡಿ, ಪಕ್ಕದ ಎಡಗಡೆಯದನ್ನು ಅಷ್ಟೇ ಸಡಿಲಿಸಿ.